ಜಂಬಣ್ಣನ ಕಿಡ್ನಿಗೆ ಇಬ್ಬರು ಡಾಕ್ಟರು

ಇಂದಿನ ಸಭೆಯ ಅಧ್ಯಕ್ಷರೂ, ಈ ಕಟ್ಟಡವನ್ನು ಚಿಕಿತ್ಸಾಲಯಕ್ಕೆ ಬಿಟ್ಟುಕೊಟ್ಟ ದೊಡ್ಡ ಮನಸ್ಸಿನವರೂ, ನಮ್ಮ ಗಂಗಾಂಬಿಕಾ ಡಾಕ್ಟರ ತಂದೆಯವರೂ ಆದ ಸನ್ಮಾನ್ಯ ಕೊಟ್ರಸ್ವಾಮಿಯವರೇ, ವೇದಿಕೆಯ ಈ ತುದಿಗೆ ಕುಳಿತಿರುವ ಆಯುರ್ವೇದದ ಡಾಕ್ಟರ್ ಗಂಗಾಂಬಿಕಾ ಅವರೇ, ಆ ತುದಿಗೆ ಕುಳಿತಿರುವ ಹಗರಿಬೊಮ್ಮನಹಳ್ಳಿಯ ಡಾಕ್ಟರ್ ಹುಲುಗೇಶ್ ಅವರೇ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳಿಂದ ಬಂದ ಬಂಧುಗಳೇ, ತೆಲಿಗಿಯಿಂದ ಬಸ್ಸಿನಲ್ಲಿ ನಿಂತೇ ಬಂದು ಇಲ್ಲಿಯೂ ನಿಂತೇ ಇರುವ ಮಹನೀಯರೇ, ಸಭಿಕರೇ,

ನಾನು ಜಂಬಣ್ಣ. ಕೊಟ್ಟೂರು ಬಸ್‌ಸ್ಟ್ಯಾಂಡಿನ ಎದುರು ಮಂಡಕ್ಕಿ ಮಿರ್ಚಿಯ ಹೋಟೆಲು ನನ್ನದು. ಈ ಸಭೆಯಲ್ಲಿ ಯಾರಿಗಾದರೂ ಬಿ.ಪಿ. ಬಂದಿದ್ದರೆ ಅದರಲ್ಲಿ ನನ್ನ ಪಾಲೂ ಇದೆ, ಕ್ಷಮಿಸಿ. ಇಂದಿನಿಂದ ಪ್ರತಿ ಗುರುವಾರ ಈ ಇಬ್ಬರು ಡಾಕ್ಟರು ಇಲ್ಲಿ ಒಂದೇ ಸೂರಿನಡಿ ಕುಳಿತು ಸಕ್ಕರೆ ಕಾಯಿಲೆಯವರನ್ನೂ ಕಿಡ್ನಿ ತೊಂದರೆಯವರನ್ನೂ ನೋಡುತ್ತಾರೆ. ರೋಗಿಗಳ ಪರವಾಗಿ ಎರಡು ಮಾತಾಡು ಎಂದು ನನ್ನನ್ನು ಕರೆದಿದ್ದಾರೆ. ಜಂಬಣ್ಣ ಎರಡೇ ಮಾತಿಗೆ ನಿಲ್ಲಿಸಿದ್ದನ್ನು ಈ ಊರಿನಲ್ಲಿ ಯಾರಾದರೂ ಕಂಡಿದ್ದೀರಾ? ಇಲ್ಲ. ಹಾಗಾದರೆ ಆರಾಮಾಗಿ ಕುಳಿತುಕೊಳ್ಳಿ.

ಸಭಿಕರೇ, ನನ್ನ ಸಕ್ಕರೆ ಕಾಯಿಲೆ ಹಳೆಯದು. ಅದರೊಂದಿಗೆ ನಾನು ಚೆನ್ನಾಗಿಯೇ ಸಂಸಾರ ಮಾಡಿಕೊಂಡಿದ್ದೆ. ಒಂದು ಬೇಸಿಗೆಯಲ್ಲಿ ಕಾಲು ಊದಿಕೊಂಡವು. ಚಪ್ಪಲಿಯೊಳಗೆ ಪಾದ ಹೋಗದು. ಮೂತ್ರದಲ್ಲಿ ನೊರೆ. ಹುಲುಗೇಶ್ ಡಾಕ್ಟರ ಹತ್ತಿರ ಹೋದೆ. ರಕ್ತ, ಮೂತ್ರ ಎಲ್ಲ ಪರೀಕ್ಷೆ ಮಾಡಿಸಿ ಅವರು ಹೇಳಿದರು: "ಜಂಬಣ್ಣ, ಸಕ್ಕರಿ ನಿಮ್ಮ ಕಿಡ್ನಿಗೆ ಕೈ ಹಚ್ಚೈತಿ. ಪೂರ್ತಿ ಕೆಟ್ಟಿಲ್ಲ. ಉಳಿದಿದ್ದನ್ನ ಉಳಿಸ್ಕೊಳ್ಳೋಣ. ಗುಳಿಗಿ ತಪ್ಪಸಬ್ಯಾಡ್ರಿ, ಉಪ್ಪು ಕಡಿಮಿ ಮಾಡ್ರಿ."

ಉಪ್ಪು ಕಡಿಮೆ ಮಾಡಬೇಕಂತೆ! ಯಾರಿಗೆ ಹೇಳುತ್ತಿದ್ದಾರೆ? ಮಿರ್ಚಿಯವನಿಗೆ! ಬಸ್ಸು ಹತ್ತಿದೆ. ಪಕ್ಕದಲ್ಲಿ ಕುಳಿತವನೊಬ್ಬ ಡಯಾಲಿಸಿಸ್ ಎಂದರೆ ಏನು ಎಂದು ವಿವರವಾಗಿ ಹೇಳಿದ. ಕೊಟ್ಟೂರು ಬರುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಸತ್ತು, ನನ್ನ ಹೋಟೆಲಿಗೆ ಬೀಗವನ್ನೂ ಹಾಕಿಸಿದ್ದೆ.

ಆಗ ಗೆಳೆಯ ನಾಗೇಂದ್ರಪ್ಪ ಹೇಳಿದ: "ಲೇ ಜಂಬ, ಇಂಗ್ಲಿಷ್ ಗುಳಿಗಿ ಬಿಟ್ಟಾಕಲೇ. ನಮ್ಮೂರಾಗ ಗಂಗಾಂಬಿಕಾ ಡಾಕ್ಟರು ಅದಾರ, ಕಷಾಯ ಕೊಡ್ತಾರ, ಕಿಡ್ನಿ ಹೊಸಾದಾಗ್ತೈತಿ." ಹೊಸ ಕಿಡ್ನಿ ಎಂದರೆ ಯಾರಿಗೆ ಬೇಡ? ಆ ದಿನವೇ ಗುಳಿಗೆ ಬಿಟ್ಟು ಓಡಿಹೋದೆ.

ಗಂಗಾಂಬಿಕಾ ಡಾಕ್ಟರು ನಾಡಿ ಹಿಡಿದರು, ನಾಲಿಗೆ ನೋಡಿದರು, ಪಾದವನ್ನು ಒತ್ತಿ ನೋಡಿದರು. ಆಮೇಲೆ ಕೇಳಿದರು: "ಇವತ್ತಿನ ಗುಳಿಗಿ ನುಂಗೀರೇನ್ರಿ?"

"ಇಲ್ಲ ತಾಯಿ, ಎಲ್ಲಾ ಬಿಟ್ಟಬಿಟ್ಟೀನಿ!" ಎಂದೆ, ಜೇಬಿನಲ್ಲಿದ್ದ ಗುಳಿಗೆಯ ಪಟ್ಟಿ ತಟ್ಟಿ ತೋರಿಸಿ, ಹೆಮ್ಮೆಯಿಂದ.

ಅವರ ಮುಖ ನೋಡಬೇಕಿತ್ತು! ತಾವೇ ಒಂದು ಲೋಟ ನೀರು ತಂದಿಟ್ಟರು. "ಮೊದಲು ಜೇಬಿನಾಗಿಂದು ತಗದು ನುಂಗ್ರಿ. ಕಿಡ್ನಿ ಹೊಸಾದು ಮಾಡಾ ಔಷಧ ನನ್ನ ಹತ್ರ ಇಲ್ಲ, ಯಾರ ಹತ್ರಾನೂ ಇಲ್ಲ. ಪಥ್ಯ ಹೇಳ್ತೀನಿ, ಊದು ಇಳಿಯಾಕ, ಹಸಿವು ನಿದ್ದಿ ಸುದ್ದಾಗಾಕ ನನ್ನ ಕೈಲಾದ್ದು ಮಾಡ್ತೀನಿ. ಆದರ ನಿಮ್ಮ ಡಾಕ್ಟರನ್ನ ಕೇಳದಾ ಒಂದು ಚಮಚೀನೂ ಕೊಡಂಗಿಲ್ಲ."

ನನ್ನಿಂದಲೇ ಫೋನು ಹಚ್ಚಿಸಿದರು. ಸ್ಪೀಕರ್ ಇಟ್ಟರು. ಸಭಿಕರೇ, ಈ ಇಬ್ಬರು ಮಹಾನುಭಾವರು ಮೊದಲ ಸಲ ಮಾತಾಡಿದ್ದು ನನ್ನ ಊದಿದ ಕಾಲುಗಳ ಸಮ್ಮುಖದಲ್ಲಿ. ಮಾತಾಡಿದರು ಎಂದೆನೇ? ಜಗಳವಾಡಿದರು!

"ನಿಮ್ಮ ಕಷಾಯದಾಗ ಲೋಹದ ಭಸ್ಮ ಐತೇನ್ರಿ ಮೇಡಂ?"

"ಇಲ್ರಿ. ಕಿಡ್ನಿ ತೊಂದ್ರಿ ಇರೋರಿಗೆ ಭಸ್ಮ ಕೊಡೋವಷ್ಟು ದಡ್ಡಿ ಅಲ್ಲ ನಾನು."

"ಮತ್ತೇನೈತಿ?"

"ಪುನರ್ನವ. ನಿಮ್ಮೂರ ಹೊಲದ ಬದುವಿನಾಗ ಬೆಳಿತೈತಲ್ಲ, ಕೊಮ್ಮಿ ಗಿಡ, ಅದು."

"ಪೊಟ್ಯಾಸಿಯಂ ಏರಿದ್ರ?"

"ಏರ್ತೈತೋ ಇಲ್ಲೋ ರಕ್ತ ನೋಡಿ ನೀವಾ ಹೇಳ್ರಿ. ಏರಿದ್ರ ಅವತ್ತಾ ನಿಲ್ಲಸ್ತೀನಿ."

ಆಮೇಲೆ ಹುಲುಗೇಶ್ ಡಾಕ್ಟರು ಮೆತ್ತಗೆ ಹೇಳಿದರು: "ಹಿಂಗ ನನಗ ಫೋನ್ ಮಾಡಿ ಕೇಳಿದೋರು ನೀವಾ ಮೊದಲು ನೋಡ್ರಿ."

ಅಂದಿನಿಂದ ಶುರುವಾಯಿತು ನನ್ನ ಪಥ್ಯ. ಉಪ್ಪಿನಕಾಯಿ ಹೋಯಿತು, ಹಪ್ಪಳ ಹೋಯಿತು, ನನ್ನ ಹೋಟೆಲಿನ ಮಿರ್ಚಿ ನನಗೇ ಪರಸ್ತ್ರೀಯಂತಾಯಿತು. ಬಾಣಲೆಯಿಂದ ತೆಗೆದು ಊರಿಗೆಲ್ಲ ಹಂಚಬೇಕು, ತಾನು ಮೂಸಿ ನೋಡಿ ಸುಮ್ಮನಿರಬೇಕು! ಇಂಥ ಶಿಕ್ಷೆ ಯಾವ ಕೋರ್ಟಿನಲ್ಲಾದರೂ ಇದೆಯೇ? ಬೆಳಿಗ್ಗೆ ನಡಿಗೆ, ಹೇಳಿದ ಹೊತ್ತಿಗೆ ನಿದ್ದೆ, ಹುಲುಗೇಶ್ ಡಾಕ್ಟರ ಗುಳಿಗೆ, ಗಂಗಾಂಬಿಕಾ ಡಾಕ್ಟರ ಕಷಾಯ, ಆಗಾಗ ರಕ್ತ ಪರೀಕ್ಷೆ.

ನನ್ನ ಹೆಂಡತಿ ದಾಕ್ಷಾಯಣಮ್ಮ ಇಲ್ಲೇ ಕುಳಿತಿದ್ದಾಳೆ, ಹೇಳಿದರೆ ಬೈಯುತ್ತಾಳೆ, ಆದರೂ ಹೇಳುತ್ತೇನೆ. ಒಂದು ದಿನ ನಮ್ಮ ಮಗಳು ಅರ್ಚನಾ ತವರಿಗೆ ಬಂದವಳು ತಾಯಿಯ ತಟ್ಟೆಯಿಂದ ಒಂದು ತುತ್ತು ತೆಗೆದುಕೊಂಡು, "ಯವ್ವಾ, ನಿನ್ನ ಸಾರಿಗ್ಯಾಕ ಉಪ್ಪಿಲ್ಲ?" ಎಂದಳು. ಅಷ್ಟು ದಿನವೂ ಇವಳು ನನ್ನ ಸಪ್ಪೆ ಸಾರನ್ನೇ ಉಣ್ಣುತ್ತಿದ್ದಳು. ನನಗೆ ಗೊತ್ತೇ ಇರಲಿಲ್ಲ. ಯಾಕೆ ಎಂದು ಕೇಳಿದರೆ, "ಒಂದಾ ಒಲಿ ಮ್ಯಾಲ ಎರಡು ಸಾರು ಯಾರು ಕುದಸ್ತಾರ? ಸುಮ್ನ ಉಣ್ರಿ," ಎಂದಳು. ಸಭಿಕರೇ, ಆ ದಿನದಿಂದ ನನಗೆ ಆ ಸಾರು ಸಪ್ಪೆ ಎನಿಸಲಿಲ್ಲ. ನೋಡಿ, ಬೈಯುವ ಮುಖ ಮಾಡುತ್ತಿದ್ದಾಳೆ.

ಈಗ ಹೇಗಿದ್ದೇನೆ? ನಾಗೇಂದ್ರಪ್ಪ, ಕೇಳಿಸಿಕೋ. ಕಿಡ್ನಿ ಹೊಸದಾಗಿಲ್ಲ. ಆದರೆ ಕೆಡುವುದು ನಿಂತಂತಿದೆ, ಕಾಲಿನ ಊತ ಇಳಿದಿದೆ, ಇಗೋ, ಚಪ್ಪಲಿ ಹಾಕಿಕೊಂಡೇ ಬಂದಿದ್ದೇನೆ! ಯಾರ ಔಷಧಿಯಿಂದ ಎಂದು ಕೇಳುತ್ತೀರಾ? ನಾನೂ ಕೇಳಿದೆ. ಹುಲುಗೇಶ್ ಡಾಕ್ಟರು "ಮೇಡಂ ಪಥ್ಯದಿಂದ" ಎಂದರು. ಗಂಗಾಂಬಿಕಾ ಡಾಕ್ಟರು "ಸರ್ ಗುಳಿಗಿಯಿಂದ" ಎಂದರು. ಡಾಕ್ಟರು ಡಾಕ್ಟರನ್ನು ಹೀಗೆ ಹೊಗಳುವುದನ್ನು ನೀವೆಲ್ಲಾದರೂ ಕೇಳಿದ್ದೀರಾ? ಆಗಲೇ ನನಗೆ ಅನುಮಾನ ಬಂತು.

ಅನುಮಾನವೆಂದರೆ ಏನಿಲ್ಲ... ಫೋನಿನಲ್ಲಿ ನನ್ನ ಕಿಡ್ನಿಯ ಬಗ್ಗೆ ಎರಡು ಮಾತು, ಅಂಕಸಮುದ್ರದ ಕೆರೆಗೆ ಬಂದ ಹಕ್ಕಿಗಳ ಬಗ್ಗೆ ಇಪ್ಪತ್ತು ಮಾತು ಆಗತೊಡಗಿದವು. ಹುಲುಗೇಶ್ ಡಾಕ್ಟರಿಗೆ ಕೊಟ್ಟೂರಿನಲ್ಲಿ ಪದೇ ಪದೇ ಕೆಲಸ ಬೀಳತೊಡಗಿತು. ನನ್ನ ಹೋಟೆಲಿನಲ್ಲಿ ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕುಳಿತು ಮಿರ್ಚಿ ತರಿಸುತ್ತಿದ್ದರು, ಮುಟ್ಟುತ್ತಿರಲಿಲ್ಲ, ರಸ್ತೆ ನೋಡುತ್ತಿದ್ದರು. ಆಮೇಲೆ ಮೇಡಂ ಬರುವರು. ಅದೇ ಬೆಂಚಿನ ಮೇಲೆ ಕುಳಿತೇ ತಾನೇ ಇವರಿಬ್ಬರೂ ಮದುವೆಯ ಮಾತು...

ಮಧುಮೇಹ! ಮಧುಮೇಹದ ಮಾತು ಎಂದೆ ನಾನು.

ಯಾಕೆ ಎಲ್ಲರೂ ಸುಮ್ಮನಾದಿರಿ? ಮೈಕು ಕೆಟ್ಟಿದೆಯೇ? ಅಯ್ಯೋ ಶಿವನೇ. ಗಂಗಾಂಬಿಕಾ ಡಾಕ್ಟರೇ, ಹಾಗೆ ಮುಖ ಮುಚ್ಚಿಕೊಳ್ಳಬೇಡಿ. "ಅಪ್ಪಾಜಿಗೆ ನಾನಾ ಹೇಳ್ತೀನಿ, ನೀವು ಬಾಯಿ ಬಿಡಬ್ಯಾಡ್ರಿ ಜಂಬಣ್ಣ" ಎಂದು ನೀವು ಕೈ ಹಿಡಿದು ಹೇಳಿದ್ದು ನನಗೆ ನೆನಪಿದೆ. ಎಲ್ಲ ನೆನಪಿದೆ, ಬಾಯೊಂದು ಬಿಟ್ಟು.

ಅಧ್ಯಕ್ಷರೇ... ಕೊಟ್ರಸ್ವಾಮಿಯವರೇ. ತಲೆ ತಗ್ಗಿಸಿ ಕುಳಿತಿದ್ದೀರಿ. ನನ್ನ ಮಾತು ಈಗ ಒಳಗೆ ಹೋಗುವುದಿಲ್ಲ, ಆದ್ದರಿಂದ ಪೂರ್ತಿ ಹೇಳಿಬಿಡುತ್ತೇನೆ. ನಿಮ್ಮ ಮನೆಯ ಜಗುಲಿಯ ಮೇಲೆ ಲಿಂಗವಿದೆ, ಹುಲುಗೇಶ್ ಡಾಕ್ಟರ ಮನೆಯ ಗೋಡೆಯ ಮೇಲೆ ಬುದ್ಧನಿದ್ದಾನೆ. ಈ ಸೀಮೆಯಲ್ಲಿ ಅದರ ಅರ್ಥವೇನೆಂದು ನಿಮಗೂ ಗೊತ್ತು, ನನಗೂ ಗೊತ್ತು. ನಾನೂ ನಿಮ್ಮ ಜಾತಿಯವನೇ. ಇವರಿಬ್ಬರೂ ಹೆದರಿದ್ದು ಅದಕ್ಕೇ. ಆದರೆ ನನ್ನ ಕಿವಿಯಾರೆ ಕೇಳಿದ್ದನ್ನು ನಿಮಗೆ ಹೇಳಬೇಕು. ನಾನೇ ಚಹಾ ಇಡುತ್ತಾ ಕೇಳಿದೆ: "ಡಾಕ್ಟರೇ, ಅಕಸ್ಮಾತ್ ಅವರ ಅಪ್ಪಾಜಿ ಒಲ್ಲೆ ಅಂದ್ರ?" ಈ ಹುಡುಗ ಹೇಳಿದ: "ಒಪ್ಪೋತನಕ ಕಾಯ್ತೀನ್ರಿ. ಅಪ್ಪನ್ನ ಬಿಟ್ಟು ಬಾ ಅಂತ ಆಕಿಗೆ ಹೇಳಂಗಿಲ್ಲ. ಅವ್ವ ಇಲ್ಲದ ಮಗಳನ್ನ ಒಬ್ಬರಾ ಬೆಳಿಸ್ಯಾರ ಅವರು." ನಿಮ್ಮ ಮಗಳು ಚಹಾ ಆರಿಹೋಗುವವರೆಗೂ ಅತ್ತಳು.

ಇಷ್ಟೇ. ಬೈಯುವುದಿದ್ದರೆ ನನ್ನನ್ನು ಬೈಯಿರಿ, ನನಗೆ ಇಬ್ಬರು ಡಾಕ್ಟರಿದ್ದಾರೆ, ತಡೆದುಕೊಳ್ಳುತ್ತೇನೆ.

ಅಧ್ಯಕ್ಷರು ಎದ್ದರು. ಅಧ್ಯಕ್ಷರೇ, ಮೆಟ್ಟಿಲು ಆ ಕಡೆ, ಹುಷಾರು. ಹೊರಟುಬಿಟ್ಟರೇ? ಇಲ್ಲ... ಮೂರನೆಯ ಸಾಲಿಗೆ ಹೋಗುತ್ತಿದ್ದಾರೆ. ಅಲ್ಲಿ ನೀಲಿ ಸೀರೆ ಉಟ್ಟು ಕುಳಿತವರು ಹುಲುಗೇಶ್ ಡಾಕ್ಟರ ತಾಯಿ, ಕೋಗಳಿಯ ಪಕ್ಕೀರಮ್ಮನವರು. ದಾರಿ ಬಿಡಿ, ದಾರಿ ಬಿಡಿ. ಅಧ್ಯಕ್ಷರು ಕೈ ಮುಗಿದರು. ಏನೋ ಹೇಳಿದರು. ಹಿಂದೆ ಕುಳಿತವರಿಗೆ ಕೇಳಿಸಿರಲಿಕ್ಕಿಲ್ಲ, ನಾನು ಹೇಳುತ್ತೇನೆ: "ಬೀಗರು ಕೆಳಗ ಕುಂತು ನಾ ಮ್ಯಾಲ ಕುಂತ್ರ ಚೆಂದ ಕಾಣಂಗಿಲ್ರಿ. ಬರ್ರಿ ಮ್ಯಾಲ" ಎಂದರು! ಪಕ್ಕೀರಮ್ಮನವರು "ತಡೀರಿ ಯಪ್ಪಾ, ಚಪ್ಪಲಿ ಸಿಗವಲ್ಲವು" ಎನ್ನುತ್ತಿದ್ದಾರೆ. ತಾಯೀ, ಬರಿಗಾಲಲ್ಲೇ ಬನ್ನಿ!

ಬಂದರು. ವೇದಿಕೆಯ ಮೇಲೆ ಬೇರೆ ಕುರ್ಚಿ ಇಲ್ಲ. ಅಧ್ಯಕ್ಷರು ತಮ್ಮ ಕುರ್ಚಿಯಲ್ಲಿ ಅವರನ್ನು ಕೂರಿಸಿ, ಪಕ್ಕದಲ್ಲಿ ತಾವು ನಿಂತಿದ್ದಾರೆ. ಚಪ್ಪಾಳೆ ಸಾಲದು, ತೆಲಿಗಿಯವರೇ, ನಿಂತವರಿಗೆ ಕೈ ಖಾಲಿ ಇರುತ್ತವಲ್ಲ, ಹೊಡೆಯಿರಿ!

ನನ್ನನ್ನು ಬದುಕಿಸಿದ ಇಬ್ಬರಿಗೂ, ಸಪ್ಪೆ ಸಾರು ಉಂಡ ನನ್ನವಳಿಗೂ, ಇಷ್ಟು ಹೊತ್ತು ಸಹಿಸಿದ ನಿಮಗೂ ನಾನು ಋಣಿ. ಕೊಟ್ರಸ್ವಾಮಿಯವರಂಥ ಹಿರಿಯರು ನಿಂತಿರುವಾಗ ನಾನು ಇನ್ನೂ ಮಾತಾಡುತ್ತಾ ನಿಲ್ಲುವುದು ಸರಿಯಲ್ಲ. ನಮಸ್ಕಾರ.