ಪಟ್ಟಿಯ ಕೊನೆಯ ಊರು

ಪೋರ್ಟ್ ಸುಡಾನಿನ ಬಸ್ ನಿಲ್ದಾಣದಲ್ಲಿ ಕಾಫಿ ಮಾರುವ ಹವ್ವಾ ಶುಂಠಿ ಕುಟ್ಟುವುದನ್ನು ನಿಲ್ಲಿಸಿದಳು. ಮಣೆಯ ಮೇಲೆ ನೆರವು ಸಂಸ್ಥೆಯ ಸಲಹೆಗಾರ್ತಿ ಇಬ್ತಿಹಾಲ್. ಎದುರಿಗೆ, ಊರಿನಿಂದ ಆಗಷ್ಟೇ ತಪ್ಪಿಸಿಕೊಂಡು ಬಂದ ಅವಳ ಸೋದರಮಾವ ಬಾಬಿಕರ್.

"ಯಾವೂರಿಗೆ ಮೊದ್ಲು ದವಸದ ಲಾರಿ ಅಂತ ಪಟ್ಟಿ ಮಾಡೋಳು ನೀನೇ ಅಂತಲ್ಲೇ?"

"ಹೌದು ಮಾವ."

"ನಮ್ಮೂರು?"

"ಮೂರನೇದಾಗಿತ್ತು. ನಾನೇ ಕೊನೆಗೆ ಹಾಕ್ದೆ."

"ಯಾಕವ್ವ?"

"ತನ್ನೂರಿಗೇ ಮೊದ್ಲು ಕೊಟ್ಕೊಂಡ್ಳು ಅಂತಾರಲ್ಲ ಅಂತ... ಅಷ್ಟರಲ್ಲಿ ಬಂದೂಕಿನೋರು ರಸ್ತೆ ಮುಚ್ಚಿಬಿಟ್ರು."

"ಅಯ್ಯೋ ಹುಚ್ಚಿ! ನನ್ ಮಗಳಿದ್ದಾಳೆ, ಲಾರಿ ಬಂದೇ ಬರುತ್ತೆ ಅಂತ ನಿಮ್ಮಮ್ಮ ಬೀದೀಲೆಲ್ಲ ಹೇಳ್ಕೊಂಡು ಬಂದ್ಲು. ಅದನ್ನೇ ನಂಬ್ಕೊಂಡು ಯಾರೂ ಊರು ಬಿಡ್ಲಿಲ್ಲ ಕಣೇ."

"ಅಮ್ಮ ಈಗೆಲ್ಲಿದ್ದಾಳೆ ಮಾವ?"

ಸಾವಿನ ಮನೆಗೆ ಬಂದವರು ಪ್ರಾರ್ಥನೆಗೆ ಹಿಡಿಯುವಂತೆ ಬಾಬಿಕರ್ ಎರಡೂ ಅಂಗೈಗಳನ್ನು ಮೇಲೆತ್ತಿದ.

ಅವರಿಬ್ಬರೂ ಎದ್ದು ಹೋದ ಮೇಲೂ ಹವ್ವಾ, ಅವನ ಜೊತೆ ತಾನೂ ಎತ್ತಿದ್ದ ಅಂಗೈಗಳನ್ನು ಇಳಿಸಿರಲಿಲ್ಲ.