ಗಂಟೆಗೋಪುರದ ಕೀಲಿ

...ಅಲ್ಲಮ್ಮ ಇರ್ಮಾ, ಆ ಕೊನೇ ಸಾಲು ಬೇಡ. ಹೊಡೆದುಹಾಕು. ಉಳಿದದ್ದು ಇರಲಿ. ‘ಎಲಾದಿಯೊ ಮಾಯ್ತಾ, ಶಾಲಾ ಮೇಷ್ಟ್ರು, ಮೂರು ಸಲ ತಕ್ಸಾಮಾರ್ಕದ ಮೇಯರ್.’ ಸಾಕು. ಆಸ್ಪತ್ರೆ ಗೋಡೆಗೆ ನಿಮ್ಮ ಸಮಿತಿ ಹಾಕಿಸೋ ಫಲಕಕ್ಕೆ ಅಷ್ಟು ಹಿತ್ತಾಳೆ ಹೆಚ್ಚೇ ಆಯ್ತು.

ಯಾಕೆ ನಗ್ತೀ? ವಿನಯ ಅಲ್ಲ ಕಣೇ. ನಿನಗೆ ಅಕ್ಷರ ಕಲಿಸಿದ ಕೈ ಇದು. ತಪ್ಪು ಸಾಲು ಕಂಡರೆ ತಾನಾಗೇ ಕೆಂಪು ಪೆನ್ಸಿಲ್ ಹುಡುಕುತ್ತೆ... ತಪ್ಪು ಅಂದ್ರೆ, ಹೆಚ್ಚಿನ ಸಾಲು. ಹೆಚ್ಚಿನದು ಅಂದೆ.

ಇನ್ನೊಂದ್ಸಲ ಓದು. ‘ಶುಭ ಶುಕ್ರವಾರದ ಪ್ರವಾಹದಲ್ಲಿ, ಗಂಟೆಗೋಪುರದ ಬಾಗಿಲು ತೆರೆಯದಿದ್ದರೂ, ಊರನ್ನು ಕಾಪಾಡಿದವರು.’ ಛೆ! ಆ ಬಾಗಿಲಿನ ಮಾತು ಯಾಕೆ? ನಿಮ್ಮಪ್ಪನ ಹೆಸರು ಹಾಕಿಲ್ಲ, ನಿಜ. ಆದರೆ ಓದಿದೋರಿಗೆ ಸೆಬೆರೊನೇ ನೆನಪಾಗೋದು. ಚರ್ಚಿನ ಗಂಟೆ ಬಾರಿಸ್ತಿದ್ದೋನು ಅವನಲ್ಲದೆ ಇನ್ಯಾರು? ಹತ್ತೊಂಬತ್ತು ವರ್ಷ ಊರು ಅವನನ್ನ ಏನಂತ ಕರೀತು... ‘ಕೀಲಿ ನುಂಗಿದ ಸೆಬೆರೊ.’ ಸಂತೇಲಿ ಆಲೂಗಡ್ಡೆ ಆರಿಸ್ತಾ ಕೂತಿದ್ರೆ, ‘ಹೊಟ್ಟೆ ಭಾರ ಇಳೀತಾ, ದೋನ್ ಸೆಬೆರೊ?’ ಅಂತ ಮರ್ಯಾದೆ ಕೊಟ್ಟೇ ಹಂಗಿಸೋರು ಹೆಂಗಸರು. ನೀನು ಪಕ್ಕದಲ್ಲೇ ಬುಟ್ಟಿ ಹಿಡ್ಕೊಂಡಿರ್ತಿದ್ದೆ. ಈಗ ಅವನು ಮಣ್ಣಿಗೆ ಸೇರಿ ಒಂಬತ್ತು ತಿಂಗಳು. ಸಾಕು ಬಿಡು.

ಫೋಟೊನೂ ಬೇಕು ಅಂದ್ಯಲ್ಲ? ಆ ಮೇಜಿನ ಖಾನೇಲಿದೆ. ಕೆಳಗಿನದು. ಜೋರಾಗಿ ಎಳಿ, ಮೊಂಡು ಅದು.

ಮೇಯರ್ ಕೆಲಸ ಅಂದ್ರೆ ಏನು ಅಂದ್ಕೊಂಡಿದ್ರು ಜನ? ಎದೆ ಮೇಲೆ ಪಟ್ಟಿ, ಕೈಲಿ ಬೆಳ್ಳಿ ಕಟ್ಟಿದ ಕೋಲು. ನಾನು ಬೆಳಗ್ಗೆ ಎದ್ದು ಚೌಕ ಗುಡಿಸ್ತಿದ್ದೆ. ಕುಡಿಯೋ ನೀರಿನ ಅರ್ಜಿ ಹಿಡ್ಕೊಂಡು ಜಿಲ್ಲಾ ಕಚೇರಿಗೆ ಹದಿನಾಲ್ಕು ಸಲ ಹೋದೆ. ಹದಿನೈದನೇ ಸಲ ಅಲ್ಲಿನ ಗುಮಾಸ್ತ, ‘ಬಂದ್ರಾ, ನೀರಪ್ಪ? ಕೂತ್ಕೊಳ್ಳಿ’ ಅಂದ. ಕೂತೆ. ಸಂಜೆವರೆಗೂ ಕೂತೆ. ನೀರು ಬಂತು... ಇದೆಲ್ಲ ಸುಳ್ಳಲ್ಲ ಇರ್ಮಾ. ಇದು ಮಾತ್ರ ಸುಳ್ಳಲ್ಲ.

ಸಿಕ್ತಾ?

...ಯಾಕೆ ಬಗ್ಗಿಕೊಂಡೇ ನಿಂತೆ? ಫೋಟೊ ಇಲ್ವಾ? ಹಾಗಾದ್ರೆ ಮೇಲಿನ ಖಾನೇಲಿ... ಮೇಲಿನದರಲ್ಲೇ ಇರೋದು. ಕೆಳಗಿನದು ಅಂತ ನಾನು ಹೇಳಿದ್ನಾ? ನಾನೇ ಹೇಳಿದ್ನಾ?

ಮುಚ್ಚಿಬಿಡು. ಏನೂ ಇಲ್ಲ ಅದರಲ್ಲಿ. ಹಳೇ ಕಬ್ಬಿಣ...

ಹಾಗೆ ಹಿಡ್ಕೋಬೇಡಮ್ಮ. ತುಕ್ಕು ಕೈಗೆ ಹತ್ತುತ್ತೆ. ಹೌದು, ಆ ಕೆಂಪು ಉಣ್ಣೆ ದಾರ ನೀನು ಕಟ್ಟಿದ್ದೇ. ಎಂಟು ವರ್ಷ ನಿಂಗಾಗ. ‘ಅಪ್ಪ ಕೀಲಿ ಕಳೀತಾನೆ, ಅದಕ್ಕೇ’ ಅಂದಿದ್ದೆ. ಕಳೀಲಿಲ್ಲ ಅವನು. ಒಂದು ಸಲಾನೂ ಕಳೀಲಿಲ್ಲ.

ಕೂತ್ಕೋ. ನಿಂತೇ ಇರ್ತೀಯಾ? ಸರಿ. ನಿಂತೇ ಕೇಳು.

ಆ ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಮೇಲಿನ ಹಳ್ಳಿಯಿಂದ ರೇಡಿಯೊದಲ್ಲಿ ಹೇಳಿದ್ರು, ಕೆರೆ ಒಡೀತು, ಅರ್ಧ ಗಂಟೇಲಿ ನೀರು ನಿಮ್ಮಲ್ಲಿಗೆ ಬರುತ್ತೆ ಅಂತ. ಓಡಿದೆ. ನಿಮ್ಮಪ್ಪ ಗೋಪುರದ ಮೆಟ್ಟಿಲ ಮೇಲೆ ಕೂತಿದ್ದ. ಒಂದು ಮಾತೂ ಕೇಳಲಿಲ್ಲ. ಸೊಂಟದಿಂದ ಕೀಲಿ ಬಿಚ್ಚಿ ನನ್ನ ಕೈಗಿಟ್ಟ. ‘ಬಾರಿಸಿ ಕೊಂಪಾದ್ರೆ, ಪಾಪ ಬಂದ್ರೆ ನಂಗಿರಲಿ’ ಅಂದ. ನಿನ್ನ ಧರ್ಮತಂದೆ ಅಂತ ನನ್ನನ್ನ ಕೊಂಪಾದ್ರೆ ಅಂತಿದ್ದ. ಹಾಗಂದು ಕೆಳಗಿನ ಬೀದಿಯ ಮುದುಕರನ್ನ ಎತ್ತಿಸೋಕೆ ಓಡಿದ.

ನಾನು ಬೀಗಕ್ಕೆ ಕೀಲಿ ಹಾಕಿದೆ... ತಿರುಗಿಸಲಿಲ್ಲ.

ಕ್ರಿಸ್ತ ಸತ್ತು ಮಲಗಿರೋ ದಿನ. ಗಂಟೆಯೂ ಸತ್ತ ಹಾಗೇ, ಆ ದಿನ ಬಾರಿಸಿದ್ರೆ ಪಾಪ. ಮೊದಲೇ ನನ್ನನ್ನ ‘ದೇವರಿಲ್ಲದ ಮೇಷ್ಟ್ರು’ ಅಂತಿದ್ರು. ಅಕ್ಟೋಬರಿಗೆ ಚುನಾವಣೆ. ಕೆರೆ ಒಡೆದದ್ದು ಬರೀ ಗಾಳಿಮಾತಾದ್ರೆ? ಅಷ್ಟೇ ಯೋಚಿಸಿದ್ದು, ಇರ್ಮಾ. ಕೀಲಿ ಜೇಬಿಗೆ ಹಾಕ್ಕೊಂಡು ಅಲ್ಲೇ ಗೋಡೇಲಿದ್ದ, ಆ ದಿನ ಗಂಟೆಗೆ ಬದಲು ತಿರುಗಿಸೋ ಮರದ ಗಿಲಕಿ ತಗೊಂಡೆ. ಬೀದಿ ಬೀದಿ ತಿರುಗಿಸ್ತಾ ಕೂಗಿದೆ. ಕೂಗು ಕೇಳಿದೋರು ಗುಡ್ಡ ಹತ್ತಿದ್ರು. ಊರು ಉಳೀತು, ನಿಜ.

ಆದರೆ ನದೀ ದಡದಲ್ಲಿ ಐದು ಜನ ಗಿಡಮೂಲಿಕೆ ಕೀಳ್ತಿದ್ರು. ಆ ದಿನ ಕಿತ್ತ ಸೊಪ್ಪಿಗೆ ಗುಣ ಹೆಚ್ಚು ಅಂತ. ನಾನು ಕೈಹಿಡಿದ ಡೆಲ್ಫಿನಾನೂ ಇದ್ಲು. ನನ್ನ ಕೆಮ್ಮಿಗೆ ಅಂತಲೇ ಹೋಗಿದ್ಲು. ಅಷ್ಟು ದೂರಕ್ಕೆ ನನ್ನ ಕೂಗು ಕೇಳಲಿಲ್ಲ, ಗಿಲಕಿ ಮಾತ್ರ ಕೇಳ್ತು. ಶುಭ ಶುಕ್ರವಾರ ಗಿಲಕಿ ಕೇಳಿದ್ರೆ ನಮ್ಮೋರು ಏನ್ಮಾಡ್ತಾರೆ? ಶಿಲುಬೆ ಮೆರವಣಿಗೆ ಬರ್ತಿದೆ ಅಂತ ನಿಂತಲ್ಲೇ ಮಂಡಿಯೂರ್ತಾರೆ. ಆಚೆ ದಡದೋರು ನೋಡಿದ್ರು. ಐದೂ ಜನ ಮಂಡಿಯೂರಿ ತಲೆ ತಗ್ಗಿಸಿದ್ರಂತೆ. ನಾನು ಇನ್ನೂ ಜೋರಾಗಿ ತಿರುಗಿಸ್ತಾನೇ ಇದ್ದೆ.

ಗಂಟೆ ಹೊಡೆದಿದ್ರೆ ಬೆಚ್ಚಿಬಿದ್ದು ಏಳ್ತಿದ್ರು. ಎದ್ದು ಓಡ್ತಿದ್ರು.

ಸಂಜೆ ಚೌಕದಲ್ಲಿ ಡೆಲ್ಫಿನಾಳ ಒಂದು ಚಪ್ಪಲಿ ಹಿಡ್ಕೊಂಡು ನಿಂತಿದ್ದೆ. ಯಾರೋ ಕೇಳಿದ್ರು, ಗಂಟೆ ಯಾಕೆ ಬಾರಿಸಲಿಲ್ಲ ಅಂತ. ‘ಕೀಲಿ ಸಿಗಲಿಲ್ಲ’ ಅಂದೆ. ಎರಡೇ ಮಾತು. ಸೆಬೆರೊ ಹೆಸರು ನಾನು ಹೇಳಲಿಲ್ಲ, ಊರು ಹೇಳ್ತು. ಹೆಂಡತಿ ಸತ್ತವನನ್ನ ಇನ್ನೇನು ಕೇಳ್ತಾರೆ? ನಿಮ್ಮಪ್ಪ ಅಲ್ಲೇ ಇದ್ದ. ನನ್ನನ್ನೇ ನೋಡಿದ. ಚಪ್ಪಲಿ ನೋಡಿದ. ಬಾಯಿ ಬಿಡಲಿಲ್ಲ.

ಆಮೇಲೆ ಹೇಳಬಹುದಿತ್ತು. ಮಾರನೇ ದಿನ. ಮಾರನೇ ವರ್ಷ. ನೀರು ಬಂದ ಮೇಲೆ ಹೇಳೋಣ ಅಂದ್ಕೊಂಡೆ, ಶಾಲೆ ಚಾವಣಿ ಆದ ಮೇಲೆ ಅಂದ್ಕೊಂಡೆ... ಕಡೆಗೆ ಅವನ ಶವಪೆಟ್ಟಿಗೆಗೆ ಹೆಗಲು ಕೊಟ್ಟೆ. ‘ಮೇಯರ್ ಎಷ್ಟು ದೊಡ್ಡ ಮನುಷ್ಯ, ಅಂಥವನಿಗೂ ಹೆಗಲು ಕೊಟ್ರು’ ಅಂದ್ರು ಜನ. ನಾನು ಕೇಳಿಸ್ಕೊಂಡು ನಡೆದೆ.

ಏನಾದ್ರೂ ಅನ್ನು. ಬೈಯಿ. ‘ಪದ್ರೀನೊ’, ಧರ್ಮತಂದೆ ಅಂತ ಕರೀಬೇಡ, ಬೇಕಾದ್ರೆ. ಜ್ಞಾನಸ್ನಾನದ ದಿನ ನಿನ್ನನ್ನ ಎತ್ತಿಕೊಂಡದ್ದು ಈ ತೋಳುಗಳೇ ಅನ್ನೋದನ್ನ ಮರೆತುಬಿಡು...

ತಾಳು. ನಿನ್ನ ಮುಖದಲ್ಲಿ ಆಶ್ಚರ್ಯವೇ ಇಲ್ಲ.

ಹೇಳಿದ್ನಾ ಅವನು? ಸಾಯೋ ಮುಂಚೆ... ನಿನಗೆ ಹೇಳಿದ್ನಾ?

ಹಾಗಾದ್ರೆ ಆ ಕೊನೇ ಸಾಲು... ಸಮಿತಿಯೋರು ಬರೆದದ್ದಲ್ಲ. ನೀನೇ ಬರೆದದ್ದು. ನಾನು ಒಪ್ಪಿ ರುಜು ಹಾಕ್ತೀನಾ ಅಂತ ನೋಡೋಕೆ.

ಕೊಡು ಆ ಕಾಗದ. ಪೆನ್ಸಿಲ್ ಕೊಡು, ನನ್ನ ಕೈಯಲ್ಲೇ ಬರೀತೀನಿ, ‘ಸೆಬೆರೊ ಕೀಲಿ ಕೊಟ್ಟಿದ್ದ’ ಅಂತ.

ಪೆನ್ಸಿಲ್ ಕೇಳಿದ್ರೆ ಈ ಕೀಲಿ ಯಾಕೆ ಚಾಚ್ತೀ?

...ಈಗಲೇ? ಬೀಗ ಅದೇ ಇದೆ, ನಿಜ. ಆದರೆ ಇವತ್ತು ಬರೀ ಗುರುವಾರ. ಈ ಹೊತ್ತಲ್ಲಿ ಗಂಟೆ ಹೊಡೆದ್ರೆ ಊರಿಗೆ ಊರೇ ಚೌಕಕ್ಕೆ ಓಡಿಬರುತ್ತೆ, ಏನಾಯ್ತು ಮೇಷ್ಟ್ರೇ ಅಂತ ಎಲ್ಲರೂ...

ಓ.

ನನ್ನ ಟೋಪಿ ಕೊಡಮ್ಮ. ಬೇಡ, ಇರಲಿ. ಬರಿ ತಲೇಲೇ ಬರ್ತೀನಿ.