ಕಡಲಂಚಿನ ತುಂಡು

ಪ್ರಿನ್ಸ್ ಎಡ್ವರ್ಡ್ ದ್ವೀಪದ ಜಮೀನು ನೋಂದಣಿ ಕಚೇರಿಯಲ್ಲಿ ಸರದಿ ಕಾಯುತ್ತಿದ್ದ ಒಡೀಲ್‌ಳ ಕಿವಿಗೆ ಹಿಂದಿನ ಬೆಂಚಿನ ಮಾತು ಬಿತ್ತು. ಅಕ್ಕ, ತಮ್ಮ, ಇಬ್ಬರೂ ಅರವತ್ತು ದಾಟಿದವರು.

“ಸಂಸತ್ತಿನ ಸೆನೆಟ್‌ಗೆ ನನ್ನ ಹೆಸರು ಆರಿಸಿದಾರೆ, ಅಕ್ಕ. ಇಡೀ ದ್ವೀಪಕ್ಕೆ ಇರೋದೇ ನಾಲ್ಕು ಸ್ಥಾನ. ಆದ್ರೆ ಕಾನೂನಿನ ಪ್ರಕಾರ ನಾಲ್ಕು ಸಾವಿರ ಡಾಲರ್ ಬೆಲೆಯ ನೆಲ ಇಲ್ಲಿ ನನ್ನ ಹೆಸರಲ್ಲಿರಬೇಕು. ನಾಳೆಯೊಳಗೆ.”

“ಇತ್ತಲ್ಲ! ಅಮ್ಮ ತೀರಿಕೊಂಡ ವಾರಾನೇ ನೀನು ನಿನ್ನ ಪಾಲು ನಂಗೆ ಬರೆದುಕೊಟ್ಟು ಪೇಟೆಯ ಬಾಡಿಗೆ ಮನೆ ಸೇರ್ಕೊಂಡೆ. ಈ ಕೆಂಪು ಕೆಸರು ಬೇಡ ಅಂದಿದ್ದು ಯಾರೋ, ಆನ್ಸೆಲ್ಮ್?”

“ತಪ್ಪಾಯ್ತು. ಒಂದು ಸಹಿ ಹಾಕಕ್ಕ.”

“ಆಲೂಗಡ್ಡೆ ಹೊಲ ಕೊಡಲ್ಲ. ಕಡಲಂಚಿನ ತುಂಡು ಬೇಕಾದ್ರೆ ತಗೋ.”

“ಅದನ್ನ ವರ್ಷವರ್ಷಾನೂ ಸಮುದ್ರ ತಿಂತಿದೆ! ನೆಲ ಕರಗಿದ್ರೆ ನನ್ನ ಸ್ಥಾನಾನೂ ಹೋಗುತ್ತೆ.”

“ಎಲ್ಲೀವರೆಗೆ ಇರುತ್ತೆ ಆ ಸ್ಥಾನ?”

“ಎಪ್ಪತ್ತೈದು ತುಂಬೋವರೆಗೆ. ಇನ್ನು ಹದಿಮೂರು ವರ್ಷ.”

“ಹಾಗಾದ್ರೆ ಹದಿಮೂರು ವರ್ಷ ಬಂದು ಆ ತುಂಡನ್ನ ಕಾಯಿ. ದಡಕ್ಕೆ ಬಂಡೆ ಹಾಕ್ಸು, ಹಿಮ ಕರಗಿದ ಮೇಲೆ ಉಳಿದ ನೆಲದ ಅಳತೆ ಹಿಡಿ. ಇಷ್ಟು ವರ್ಷ ನಾನೊಬ್ಬಳೇ ಕಾದಿಲ್ವಾ?”

ಅಷ್ಟರಲ್ಲಿ ಅವರ ಸಂಖ್ಯೆ ಕೂಗಿದರು. ಅಕ್ಕ ಎದ್ದು ಎರಡು ಹೆಜ್ಜೆ ನಡೆದು ತಿರುಗಿದಳು.

“ಏಳ್ತೀರೋ, ಸೆನೆಟರ್ ಸಾಹೇಬ್ರೇ? ಇಲ್ಲಾ ಮನೆಗೆ ಹೋಗ್ಲೋ?”

ಅವನು ಟೋಪಿ ಎತ್ತಿಕೊಂಡು ಅವಳ ಹಿಂದೆ ಹೊರಟ. ಕಿಟಕಿ ತಲುಪುವ ಮುನ್ನ ಅವನು ಮೆಲ್ಲಗೆ ಕೇಳಿದ್ದು ಒಡೀಲ್‌ಗೆ ಕೇಳಿಸಿತು.

“ಈಗ ಎಲ್ಲೀವರೆಗೆ ಬಂದಿದೆ ಅಕ್ಕ, ನೀರು?”

“ಅಮ್ಮ ಬಟ್ಟೆ ಒಣಗಿಸ್ತಿದ್ದ ಕಂಬದವರೆಗೆ.”